ಮೂಲೆಯ ಲೆಕ್ಕ ಮೊದಲೇ ಹಾಕಿ

ಕಿಸೆಯಲ್ಲಿರುವ ಎಟಿಎಂ ಕಾರ್ಡನ್ನು ತೆಗೆದು ಅದರ ಮೂಲೆಯ ಮೇಲೆ ಒಮ್ಮೆ ಬೆರಳಾಡಿಸಿ. ಆ ದುಂಡುತನ ಯಾರೋ ಕಣ್ಣಂದಾಜಿಗೆ ಕೊಟ್ಟದ್ದಲ್ಲ. ಕಾರ್ಡಿನ ಅಗಲ 85.60 ಮಿ.ಮೀ., ಎತ್ತರ 53.98 ಮಿ.ಮೀ., ದಪ್ಪ 0.76 ಮಿ.ಮೀ. ಎಂದು ಐಎಸ್‌ಒ/ಐಇಸಿ 7810 ಎಂಬ ಅಂತರರಾಷ್ಟ್ರೀಯ ಮಾನದಂಡ ಗೊತ್ತುಮಾಡಿದೆ. ಮೂಲೆಯ ತ್ರಿಜ್ಯ 2.88ರಿಂದ 3.48 ಮಿ.ಮೀ. ಒಳಗೇ ಇರಬೇಕು ಎಂದೂ ಹೇಳಿದೆ. ಪ್ಯಾನ್ ಕಾರ್ಡ್, ಪ್ಲಾಸ್ಟಿಕ್ಕಿನ ಚಾಲನಾ ಪರವಾನಗಿ, ಶಾಲಾ ಮಕ್ಕಳ ಕೊರಳಿನ ಪಿವಿಸಿ ಗುರುತಿನ ಚೀಟಿ ಎಲ್ಲವೂ ಸಾಮಾನ್ಯವಾಗಿ ಇದೇ ಅಳತೆಯವು.

ಇಷ್ಟು ಖಚಿತವಾದ ಅಳತೆ ಎದುರಿಗಿದ್ದರೂ ನಮ್ಮೂರುಗಳಲ್ಲಿ ಅಚ್ಚಾಗುವ ಗುರುತಿನ ಚೀಟಿ, ಉಪ್ಪಿನಕಾಯಿ ಬಾಟಲಿಯ ಲೇಬಲ್, ಅಂಗಡಿಯ ಸ್ಟಿಕ್ಕರ್, ವಿಸಿಟಿಂಗ್ ಕಾರ್ಡುಗಳ ಮೂಲೆಗಳನ್ನು ನೋಡಿದರೆ ಬೇಸರವಾಗುತ್ತದೆ. ಒಂದು ಮೂಲೆಯಲ್ಲಿ ತೆಳುವಾದ ಬಿಳಿ ಕಮಾನು ಇಣುಕಿರುತ್ತದೆ. ಸುತ್ತಲಿನ ಬಣ್ಣದ ಅಂಚು ನೇರ ಬದಿಯಲ್ಲಿ ಸಪೂರ, ತಿರುವಿನಲ್ಲಿ ದಪ್ಪ. ಕೆಳಸಾಲಿನ ಕೊನೆಯ ಅಕ್ಷರದ ಒತ್ತು ಅರ್ಧಕ್ಕೇ ಕತ್ತರಿಸಿಹೋಗಿರುತ್ತದೆ. ಬೈಗುಳವೆಲ್ಲ ಪ್ರೆಸ್ಸಿನವರ ಪಾಲಿಗೆ. ಆದರೆ ಇಂಥ ತಪ್ಪುಗಳಲ್ಲಿ ಹೆಚ್ಚಿನವು ಕಾಗದ ಯಂತ್ರಕ್ಕೆ ಹೋಗುವ ಮುಂಚೆಯೇ, ಕಂಪ್ಯೂಟರಿನ ಮುಂದೆ ವಿನ್ಯಾಸ ಮಾಡುವಾಗಲೇ ಆಗಿಹೋಗಿರುತ್ತವೆ. ದುಂಡು ಮೂಲೆಯನ್ನು ಕೊನೆಯಲ್ಲಿ ಸೇರಿಸುವ ಅಲಂಕಾರ ಎಂದುಕೊಳ್ಳುವುದೇ ಇವೆಲ್ಲಕ್ಕೂ ಬೇರು. ಮೂಲೆ ಎಷ್ಟು ದುಂಡಗಿರಬೇಕು ಎಂಬುದು ಮೊದಲ ಗೆರೆ ಎಳೆಯುವ ಮುನ್ನವೇ ತೀರ್ಮಾನವಾಗಬೇಕು. ಈ ಬರಹದಲ್ಲಿ ನಾನು ಹೇಳಹೊರಟಿರುವುದು ಅಷ್ಟೇ. ಉಳಿದದ್ದು ಅದರ ಕಾರಣ ಮತ್ತು ಲೆಕ್ಕ.

ದುಂಡು ಯಾಕೆ ಬೇಕು?

ಚೂಪು ಮೂಲೆಯಲ್ಲಿ ಎರಡು ಅಂಚುಗಳು ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಬೆರಳು, ಬಟ್ಟೆ, ಗಾಳಿ, ತೇವ ಯಾವುದು ತಗುಲಿದರೂ ಮೊದಲು ಸೋಲುವುದು ಆ ಬಿಂದುವೇ. ಸ್ಟಿಕ್ಕರ್ ಏಳಲು ಶುರುವಾಗುವುದು ಅಲ್ಲಿಂದ, ಲ್ಯಾಮಿನೇಷನ್ ಬಾಯಿಬಿಡುವುದು ಅಲ್ಲಿಂದ, ಕಾರ್ಡು ಮಡಿಚಿ ಪದರ ಬಿಚ್ಚಿಕೊಳ್ಳುವುದೂ ಅಲ್ಲಿಂದ. ಲೇಬಲ್ ರೋಲಿನಲ್ಲಿ ಇನ್ನೊಂದು ಸಂಗತಿಯಿದೆ. ಡೈ, ಎಂದರೆ ಆಕಾರಕ್ಕೆ ತಕ್ಕಂತೆ ಕತ್ತರಿಸುವ ಅಲಗು, ಕತ್ತರಿಸಿದ ಮೇಲೆ ಲೇಬಲ್ಲುಗಳ ನಡುವೆ ಉಳಿಯುವ ಜಾಲರಿಯಂಥ ಚೂರನ್ನು ಯಂತ್ರ ಒಂದೇ ಎಳೆತಕ್ಕೆ ಸುಲಿದು ತೆಗೆಯುತ್ತದೆ. ಮೂಲೆ ಚೂಪಾಗಿದ್ದರೆ ಎಳೆತದ ಬಲವೆಲ್ಲ ಅಲ್ಲೇ ಸೇರಿ ಜಾಲರಿ ಹರಿಯುತ್ತದೆ, ಯಂತ್ರ ನಿಲ್ಲುತ್ತದೆ. ದುಂಡಗಿದ್ದರೆ ಸಲೀಸಾಗಿ ಸುಲಿದು ಬರುತ್ತದೆ. ಹಾಗಾಗಿ ದುಂಡು ಮೂಲೆ ಚಂದಕ್ಕೂ ಬೇಕು, ಬಾಳಿಕೆಗೂ ಬೇಕು, ಕೆಲಸದ ವೇಗಕ್ಕೂ ಬೇಕು.

ತಿರುವಿನ ಒಳಗಿರುವ ಗಣಿತ

ಫೋಟೊ ಎಂದರೆ ಚುಕ್ಕಿಗಳ ರಾಶಿ. ದೊಡ್ಡದು ಮಾಡಿದರೆ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ. ವೆಕ್ಟರ್ ಚಿತ್ರದಲ್ಲಿ ಚುಕ್ಕಿಗಳಿಲ್ಲ, ಸೂತ್ರವಿದೆ. ಇಲ್ಲಿಂದ ಹೊರಟು ಹೀಗೆ ಬಾಗಿ ಅಲ್ಲಿಗೆ ಮುಟ್ಟು ಎಂಬ ಆಜ್ಞೆಯಷ್ಟೇ ಕಡತದಲ್ಲಿ ಇರುತ್ತದೆ. ಆದ್ದರಿಂದ ಅದನ್ನು ಬೆರಳುಗುರಿನಷ್ಟಕ್ಕೆ ಇಳಿಸಿದರೂ ಬಸ್ಸಿನ ಮೈಯಷ್ಟಕ್ಕೆ ಹಿಗ್ಗಿಸಿದರೂ ಗೆರೆ ನುಣುಪಾಗಿಯೇ ಇರುತ್ತದೆ. ಈ ಬಾಗುಗೆರೆಗಳ ಗಣಿತ ಹುಟ್ಟಿದ್ದು ಫ್ರಾನ್ಸಿನ ಕಾರು ಕಾರ್ಖಾನೆಗಳಲ್ಲಿ. ಸಿಟ್ರೊಯೆನ್ ಕಂಪನಿಯ ಪಾಲ್ ದ ಕ್ಯಾಸ್ಟೆಲ್ಜೊ 1959ರಲ್ಲೇ ಇದನ್ನು ಕಂಡುಕೊಂಡಿದ್ದರು. ಆದರೆ ಕಂಪನಿ ಅದನ್ನು ಗುಟ್ಟಾಗಿ ಇಟ್ಟುಕೊಂಡಿತು. ರೆನೊ ಕಂಪನಿಯ ಪಿಯರ್ ಬೆಜಿಯೆ ಅದೇ ದಾರಿಯಲ್ಲಿ ಸ್ವತಂತ್ರವಾಗಿ ನಡೆದು, ತಮ್ಮ ಕೆಲಸವನ್ನು 1960ರ ದಶಕದಲ್ಲಿ ಜಗತ್ತಿನ ಮುಂದಿಟ್ಟರು. ಹೆಸರು ಅವರದೇ ಉಳಿಯಿತು. 1984ರಲ್ಲಿ ಬಂದ ಪೋಸ್ಟ್‌ಸ್ಕ್ರಿಪ್ಟ್ ಎಂಬ ಮುದ್ರಣ ಭಾಷೆ ಈ ಗೆರೆಗಳನ್ನು ಮುದ್ರಣಕ್ಕೆ ತಂದಿತು. 1987ರ ಇಲಸ್ಟ್ರೇಟರ್ ಮತ್ತು 1989ರ ಕೋರೆಲ್‌ಡ್ರಾ ತಂತ್ರಾಂಶಗಳು ಅವನ್ನು ಡಿಟಿಪಿ ಅಂಗಡಿಯ ಮೇಜಿಗೆ ಮುಟ್ಟಿಸಿದವು.

ಒಂದು ಸ್ವಾರಸ್ಯ ಇಲ್ಲಿದೆ. ಬೆಜಿಯೆ ಗೆರೆಯಿಂದ ಪರಿಪೂರ್ಣ ವೃತ್ತ ಬರುವುದೇ ಇಲ್ಲ. ಕಾಲು ವೃತ್ತ ಬೇಕೆಂದರೆ ಎರಡು ತುದಿಗಳಿಂದ ಹೊರಡುವ ಹಿಡಿಕೆಗಳನ್ನು ತ್ರಿಜ್ಯದ ಸುಮಾರು 0.5523ರಷ್ಟು ಉದ್ದ ಇಡಬೇಕು. 3 ಮಿ.ಮೀ. ತ್ರಿಜ್ಯದ ಮೂಲೆಗೆ ಈ ಉದ್ದ 1.66 ಮಿ.ಮೀ. ಆಗ ಬರುವ ಬಾಗು ನಿಜವಾದ ವೃತ್ತಕ್ಕಿಂತ ಹೆಚ್ಚೆಂದರೆ ಶೇ 0.027ರಷ್ಟು ಆಚೀಚೆ ಇರುತ್ತದೆ. ಕಾರ್ಡಿನ ಮೂಲೆಯಲ್ಲಿ ಅದು ಒಂದು ಮೈಕ್ರಾನ್‌ಗಿಂತಲೂ ಕಡಿಮೆ, ಯಾವ ಚಾಕುವಿಗೂ ತಿಳಿಯದಷ್ಟು. ಅಂದರೆ ನಾಲ್ಕು ದುಂಡು ಮೂಲೆಯ ಒಂದು ಆಯತಕ್ಕೆ ಎಂಟು ನೋಡ್‌ಗಳು, ಎಂದರೆ ಗೆರೆಯನ್ನು ಹಿಡಿದಿಡುವ ಬಿಂದುಗಳು, ಸಾಕು.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರವನ್ನು ಆಟೊ ಟ್ರೇಸ್ ಮಾಡಿದಾಗ ಅದೇ ಆಕಾರಕ್ಕೆ ಹತ್ತಾರು ನೋಡ್‌ಗಳು ಬಂದು ಕೂರುತ್ತವೆ. ಪರದೆಯ ಮೇಲೆ ನುಣುಪಾಗಿ ಕಂಡರೂ ಕಟಿಂಗ್ ಪ್ಲಾಟರಿನ ಚಾಕು ಪ್ರತಿ ನೋಡ್‌ನಲ್ಲೂ ಚೂರು ತಡವರಿಸುತ್ತದೆ. ಸ್ಟಿಕ್ಕರಿನ ಅಂಚು ಹಲ್ಲುಹಲ್ಲಾಗುತ್ತದೆ. ಟ್ರೇಸ್ ಆದ ಅಂಚನ್ನು ಅಳಿಸಿ, ಆಯತದ ಟೂಲ್‌ನಿಂದ ಹೊಸದಾಗಿ ಬರೆದು, ತ್ರಿಜ್ಯವನ್ನು ಅಂಕಿಯಲ್ಲಿ ತುಂಬುವುದು ಎರಡು ನಿಮಿಷದ ಕೆಲಸ. ಅದನ್ನು ಮಾಡದಿರಲು ಯಾವ ನೆಪವೂ ಇಲ್ಲ.

ಹಿಗ್ಗಿಸುವಾಗಲೂ ಎಚ್ಚರ ಬೇಕು. 90 ಮಿ.ಮೀ. ಅಗಲ, 5 ಮಿ.ಮೀ. ತ್ರಿಜ್ಯದ ಚೌಕಟ್ಟನ್ನು ಪಕ್ಕಕ್ಕೆ ಮಾತ್ರ ಎಳೆದು 120 ಮಿ.ಮೀ. ಮಾಡಿದರೆ ಮೂಲೆ ಅಡ್ಡಕ್ಕೆ 6.67 ಮಿ.ಮೀ. ಆಗಿ, ಉದ್ದಕ್ಕೆ 5 ಮಿ.ಮೀ. ಆಗಿಯೇ ಉಳಿಯಬಹುದು. ವೃತ್ತ ಹೋಗಿ ಮೊಟ್ಟೆಯಾಕಾರ ಬರುತ್ತದೆ. ಎಳೆಯುವಾಗ ಮೂಲೆಯನ್ನೂ ಹಿಗ್ಗಿಸಬೇಕೋ ಬೇಡವೋ ಎಂದು ಕೇಳುವ ಆಯ್ಕೆ ಕೋರೆಲ್‌ಡ್ರಾದಲ್ಲೂ ಇದೆ, ಇಲಸ್ಟ್ರೇಟರ್‌ನಲ್ಲೂ ಇದೆ. ಅಳತೆ ಬದಲಾದಾಗಲೆಲ್ಲ ತ್ರಿಜ್ಯವನ್ನು ಮತ್ತೆ ಓದಿ ನೋಡುವುದು ಒಳ್ಳೆಯ ಅಭ್ಯಾಸ.

ಅಚ್ಚು ಚೌಕವಿರಲಿ, ದುಂಡು ಮಾಡುವುದು ಡೈ

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು ಇದು. ಹಿನ್ನೆಲೆಯ ಬಣ್ಣವನ್ನೇ ದುಂಡು ಮೂಲೆಯ ಆಕಾರಕ್ಕೆ, ಕಾರ್ಡಿನ ಅಳತೆಗೆ ಸರಿಯಾಗಿ ಕತ್ತರಿಸಿಟ್ಟು ಕಳಿಸುವುದು. ಪರದೆಯ ಮೇಲೆ ಕಾರ್ಡು ಸಿದ್ಧವಾದಂತೆಯೇ ಕಾಣುತ್ತದೆ. ಆದರೆ ಅಚ್ಚಾದ ಹಾಳೆಯನ್ನು ಕತ್ತರಿಸುವ ಯಂತ್ರ ಪ್ರತಿ ಹಾಳೆಯನ್ನೂ ಕೂದಲೆಳೆಯಷ್ಟೂ ಜರುಗದಂತೆ ಹಿಡಿಯಲಾರದು. ಕಾಗದ ತೇವಕ್ಕೆ ಹಿಗ್ಗುತ್ತದೆ, ಶಾಖಕ್ಕೆ ಕುಗ್ಗುತ್ತದೆ, ಹಾಳೆ ಹಿಡಿಯುವ ಗ್ರಿಪ್ಪರಿನಲ್ಲಿ ತುಸು ಜಾರುತ್ತದೆ. ಹಾಳೆ ಅಡ್ಡಕ್ಕೆ ಅರ್ಧ ಮಿ.ಮೀ., ಉದ್ದಕ್ಕೆ ಅರ್ಧ ಮಿ.ಮೀ. ಜರುಗಿತು ಎನ್ನಿ. ನೇರ ಬದಿಯಲ್ಲಿ ವ್ಯತ್ಯಾಸ ಅರ್ಧ ಮಿ.ಮೀ. ಮಾತ್ರ. ಮೂಲೆಯಲ್ಲಿ ಎರಡೂ ಕೂಡಿ 0.7 ಮಿ.ಮೀ. ಆಗುತ್ತದೆ. ಬಿಳಿ ಕಮಾನು ಮೂಲೆಯಲ್ಲೇ ಎದ್ದು ಕಾಣುವುದು ಇದಕ್ಕೇ.

ಪರಿಹಾರ ಸುಲಭ. ಬಣ್ಣವನ್ನು ಕತ್ತರಿಸುವ ಗೆರೆಯಿಂದ ನಾಲ್ಕೂ ಕಡೆ 3 ಮಿ.ಮೀ. ಹೊರಗೆ ಹರಿಸಿ. ಅದನ್ನೇ ಬ್ಲೀಡ್ ಎನ್ನುವುದು. ಆ ಬ್ಲೀಡಿನ ಮೂಲೆ ಚೌಕವಾಗಿಯೇ ಇರಲಿ. ದುಂಡು ಮಾಡುವ ಕೆಲಸ ಡೈಯದು, ಬಣ್ಣದ್ದಲ್ಲ. 85.6 ಮಿ.ಮೀ. ಅಗಲದ ಕಾರ್ಡಿಗೆ ಬ್ಲೀಡ್ ಸೇರಿ 91.6 ಮಿ.ಮೀ. ಅಗಲದ ಹಿನ್ನೆಲೆ ಬೇಕು. ಹಿನ್ನೆಲೆಯಲ್ಲಿ ಫೋಟೊ ಇದ್ದರೆ 300 ಡಿಪಿಐ ಲೆಕ್ಕಕ್ಕೆ ಅಗಲದಲ್ಲಿ ಕನಿಷ್ಠ 1,082 ಪಿಕ್ಸೆಲ್ ಇರಬೇಕು.

ಮೊದಲೇ ಆಕಾರ ಪಡೆದ ವಸ್ತುವಿನ ಮೇಲೆ ಯುವಿ ಯಂತ್ರದಲ್ಲಿ ಮುದ್ರಿಸುವ ಮೊಬೈಲ್ ಕವರ್, ಕೀಚೈನ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ಡೈ ಇಲ್ಲ, ವಸ್ತುವಿನ ಅಂಚೇ ಡೈ. ಬಣ್ಣ ಅಂಚು ದಾಟಿ ಚೂರು ಹೊರಗೆ ಬಿದ್ದರೆ ಅದು ವಸ್ತುವನ್ನು ಹಿಡಿದಿಡುವ ಕೆಳಗಿನ ಜಿಗ್‌ಗೆ ಹತ್ತುತ್ತದೆ. ಒಳಗೇ ನಿಂತರೆ ಬಿಳಿ ಗೆರೆ ಶಾಶ್ವತ.

ಮೂರು ಗೆರೆ, ತಿರುವುಗಳಿಗೆ ಒಂದೇ ಕೇಂದ್ರ

ದುಂಡು ಮೂಲೆಯ ವಿನ್ಯಾಸದಲ್ಲಿ ಮೂರು ಗೆರೆಗಳಿರುತ್ತವೆ. ಹೊರಗೆ ಬ್ಲೀಡಿನ ಗೆರೆ, ನಡುವೆ ಕತ್ತರಿಸುವ ಗೆರೆ, ಒಳಗೆ ಸುರಕ್ಷಿತ ಗೆರೆ. ಅಕ್ಷರ, ಲೋಗೊ, ಫೋಟೊ ಯಾವುದೂ ಈ ಒಳಗಿನ ಗೆರೆ ದಾಟಬಾರದು. ಒಳಗೆ ಬಣ್ಣದ ಚೌಕಟ್ಟು ಕೊಡುವುದಿದ್ದರೆ ಅದರ ತ್ರಿಜ್ಯ ಹೊರಗಿನದಕ್ಕೆ ಸಮ ಇರಬಾರದು. ಶಾಲಾ ಮೈದಾನದ ಓಟದ ಪಥವನ್ನು ನೆನೆದುಕೊಳ್ಳಿ. ಒಳಪಥದ ತಿರುವು ಚಿಕ್ಕದು, ಹೊರಪಥದ ತಿರುವು ದೊಡ್ಡದು, ಎರಡರ ಕೇಂದ್ರ ಒಂದೇ. ಹಾಗಿರುವುದರಿಂದಲೇ ಪಥದ ಅಗಲ ತಿರುವಿನಲ್ಲೂ ಬದಲಾಗುವುದಿಲ್ಲ.

ಇದನ್ನೇ ಅಂಕಿಯಲ್ಲಿ ನೋಡೋಣ. ಹೊರ ಮೂಲೆಯ ತ್ರಿಜ್ಯ 5 ಮಿ.ಮೀ., ಅಂಚಿನ ಪಟ್ಟಿ 2 ಮಿ.ಮೀ. ಎಂದಾದರೆ ಒಳ ಮೂಲೆಯ ತ್ರಿಜ್ಯ ಐದರಲ್ಲಿ ಎರಡು ಕಳೆದು 3 ಮಿ.ಮೀ. ಆಗಬೇಕು. ಒಳಗೂ 5 ಇಟ್ಟರೆ ನೇರ ಬದಿಯಲ್ಲಿ 2 ಮಿ.ಮೀ. ಇರುವ ಪಟ್ಟಿ ತಿರುವಿನಲ್ಲಿ 2.83 ಮಿ.ಮೀ. ಆಗಿ ಊದಿಕೊಳ್ಳುತ್ತದೆ. ಆಯತವನ್ನು ನಕಲು ಮಾಡಿ ಕುಗ್ಗಿಸುವುದರ ಬದಲು ಕೋರೆಲ್‌ಡ್ರಾದ ಕಾಂಟೂರ್ ಅಥವಾ ಇಲಸ್ಟ್ರೇಟರ್‌ನ ಆಫ್‌ಸೆಟ್ ಪಾತ್ ಬಳಸಿದರೆ ಈ ಕಳೆಯುವ ಲೆಕ್ಕವನ್ನು ತಂತ್ರಾಂಶವೇ ಮಾಡಿಕೊಡುತ್ತದೆ.

ಒಳಗಿನ ಚೌಕಟ್ಟು ಚೂಪು ಮೂಲೆಯದೇ ಇರಲಿ ಎನ್ನುವವರು ಇನ್ನೊಂದು ಲೆಕ್ಕ ನೋಡಬೇಕು. ಮೂಲೆಯನ್ನು ದುಂಡು ಮಾಡಿದಾಗ ಕರ್ಣದ ದಿಕ್ಕಿನಲ್ಲಿ ತ್ರಿಜ್ಯದ 0.414ರಷ್ಟು ಕಾಗದ ಹೋಗುತ್ತದೆ. ತ್ರಿಜ್ಯ 3 ಮಿ.ಮೀ. ಇದ್ದರೆ 1.24 ಮಿ.ಮೀ., 6 ಇದ್ದರೆ 2.49, 10 ಇದ್ದರೆ 4.14. ಅಂಚಿನಿಂದ 3 ಮಿ.ಮೀ. ಒಳಗಿರುವ ಚೌಕದ ಮೂಲೆ ಕರ್ಣದಲ್ಲಿ 4.24 ಮಿ.ಮೀ. ದೂರ ಇರುತ್ತದೆ. ಅಂದರೆ 10 ಮಿ.ಮೀ. ತ್ರಿಜ್ಯದ ಲೇಬಲ್‌ನಲ್ಲಿ ಆ ಚೌಕಟ್ಟಿಗೂ ಚಾಕುವಿಗೂ ನಡುವೆ ಉಳಿಯುವುದು ಮಿಲಿಮೀಟರಿನ ಹತ್ತನೇ ಒಂದು ಭಾಗ! ಹಾಳೆ ತುಸು ಜರುಗಿದರೂ ಚೌಕಟ್ಟಿನ ಮೂಲೆ ಕತ್ತರಿಸಿಹೋಗುತ್ತದೆ. ಎಲ್ಲ ಕೆಲಸಕ್ಕೂ 3 ಮಿ.ಮೀ. ಒಳಗಿಟ್ಟರೆ ಸಾಕು ಎಂಬ ಬಾಯಿಪಾಠ ದೊಡ್ಡ ತ್ರಿಜ್ಯದ ಮೂಲೆಗೆ ಸಲ್ಲುವುದಿಲ್ಲ.

ಪ್ರೆಸ್ಸಿನಲ್ಲಿ ಯಾವ ಮೂಲೆ ಇದೆ, ಕೇಳಿ

ದುಂಡು ಮೂಲೆ ಕತ್ತರಿಸಲು ಮುಖ್ಯವಾಗಿ ಮೂರು ದಾರಿಗಳಿವೆ. ವಿಸಿಟಿಂಗ್ ಕಾರ್ಡನ್ನು ಸಾಮಾನ್ಯವಾಗಿ ಮೊದಲು ನೇರವಾಗಿ ಕತ್ತರಿಸಿ, ಆಮೇಲೆ ಕಟ್ಟನ್ನು ಕಾರ್ನರ್ ಕಟಿಂಗ್ ಮಷಿನ್‌ಗೆ ಕೊಟ್ಟು ಒಂದೊಂದೇ ಮೂಲೆ ಒತ್ತುತ್ತಾರೆ. ಆ ಯಂತ್ರದ ಬ್ಲೇಡುಗಳು ಗೊತ್ತಾದ ಕೆಲವೇ ತ್ರಿಜ್ಯಗಳಲ್ಲಿ ಇರುತ್ತವೆ. ನೀವು ಪರದೆಯ ಮೇಲೆ 4 ಮಿ.ಮೀ. ಬರೆದು, ಪ್ರೆಸ್ಸಿನಲ್ಲಿ 6 ಮಿ.ಮೀ. ಬ್ಲೇಡ್ ಮಾತ್ರ ಇದ್ದರೆ ಕತ್ತರಿಸುವುದು ಆರೇ. ಒಳಗಿನ ಚೌಕಟ್ಟಿನ ಲೆಕ್ಕವೆಲ್ಲ ಆಗಲೇ ತಲೆಕೆಳಗು.

ಎರಡನೆಯದು ಪಂಚಿಂಗ್ ಡೈ. ಪ್ಲೈವುಡ್ ಹಲಗೆಯನ್ನು ಲೇಸರ್‌ನಿಂದ ಸೀಳಿ, ಆ ಸೀಳಿನಲ್ಲಿ ಉಕ್ಕಿನ ರೂಲನ್ನು ಬಗ್ಗಿಸಿ ಕೂರಿಸುತ್ತಾರೆ. ಸಾಮಾನ್ಯವಾಗಿ ಬಳಸುವ ರೂಲಿನ ದಪ್ಪ 2 ಪಾಯಿಂಟ್, ಎಂದರೆ ಸುಮಾರು 0.71 ಮಿ.ಮೀ. ಅಷ್ಟು ದಪ್ಪದ ಉಕ್ಕನ್ನು ಅರ್ಧ ಮಿ.ಮೀ. ತ್ರಿಜ್ಯಕ್ಕೆ ಬಗ್ಗಿಸು ಎಂದರೆ ಅದು ನೆಟ್ಟಗೆ ಬಾರದು. ಡೈ ಮಾಡುವವರಿಗೆ ನಿಮ್ಮ ವೆಕ್ಟರ್ ಗೆರೆಯೇ ನಕ್ಷೆ. ಅಲ್ಲಿ ಒಂದರ ಮೇಲೊಂದು ಬಿದ್ದ ಎರಡು ಗೆರೆ ಇದ್ದರೆ ಲೇಸರ್ ಅದೇ ಜಾಗವನ್ನು ಎರಡು ಸಲ ಸುಡುತ್ತದೆ. ಸೀಳು ಅಗಲವಾಗಿ ರೂಲು ಸಡಿಲವಾಗುತ್ತದೆ. ಮೂರನೆಯದು ಸ್ಟಿಕ್ಕರ್‌ಗಳ ಕಟಿಂಗ್ ಪ್ಲಾಟರ್. ಅದಕ್ಕೆ ಡೈ ಬೇಡ, ಕಡತದ ಗೆರೆಯನ್ನೇ ಚಾಕು ಹಿಂಬಾಲಿಸುತ್ತದೆ.

ಯಾವ ದಾರಿ, ಯಾವ ತ್ರಿಜ್ಯ ಎಂಬ ಎರಡು ಪ್ರಶ್ನೆಗಳನ್ನು ಕೆಲಸ ಹಿಡಿದ ದಿನವೇ ಪ್ರೆಸ್ಸಿಗೆ ಫೋನು ಮಾಡಿ ಕೇಳಬೇಕು.

ಕನ್ನಡ ಅಕ್ಷರದ ಕಾಳಜಿ

ಇಂಗ್ಲಿಷ್ ದೊಡ್ಡಕ್ಷರಗಳ ಸಾಲು ಒಂದು ಗೆರೆಯ ಮೇಲೆ ಕೂತಿರುತ್ತದೆ. ಕನ್ನಡ ಹಾಗಲ್ಲ. ಕಾರ್ಡಿನ ಕೆಳಸಾಲಿನಲ್ಲಿ ‘ಶ್ರೀ ಲಕ್ಷ್ಮೀ ಸ್ಟೋರ್ಸ್’ ಎಂದು ಬರೆದು ನೋಡಿ. ಶ್ರೀಯ ರಕಾರದ ಒತ್ತು, ಕ್ಷ್ಮೀಯ ಮಕಾರದ ಒತ್ತು, ಸ್ಟೋಯ ಟಕಾರದ ಒತ್ತು ಎಲ್ಲ ಸಾಲಿನಿಂದ ಕೆಳಗಿಳಿಯುತ್ತವೆ. ಅಕ್ಷರದ ಬುಡವನ್ನು ಸುರಕ್ಷಿತ ಗೆರೆಗೆ ತಾಗಿಸಿ ನಿಲ್ಲಿಸಿದರೆ ಒತ್ತುಗಳು ಅದನ್ನು ದಾಟಿರುತ್ತವೆ. ಸಾಲು ಮೂಲೆಯವರೆಗೆ ಚಾಚಿದ್ದರೆ ಮೊದಲು ಕತ್ತಿಗೆ ಸಿಗುವುದು ಕೊನೆಯ ಒತ್ತೇ. ಅಕ್ಷರವನ್ನು ಕರ್ವ್ ಮಾಡಿದ, ಎಂದರೆ ಫಾಂಟಿನ ಹಂಗಿಲ್ಲದ ಬಾಗುಗೆರೆಯಾಗಿ ಬದಲಿಸಿದ ಮೇಲೆ ಅದರ ನಿಜವಾದ ಕೆಳತುದಿಯಿಂದ ಅಂತರ ಅಳೆಯುವುದೇ ಸರಿಯಾದ ಕ್ರಮ.

ಕರ್ವ್ ಮಾಡುವುದು ಕನ್ನಡಕ್ಕಂತೂ ಕಡ್ಡಾಯ. ನುಡಿ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಟೈಪಿಸಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗುತ್ತದೆ. ಯೂನಿಕೋಡ್‌ನಲ್ಲಿ ಟೈಪಿಸಿದ್ದಾದರೆ ಇಲಸ್ಟ್ರೇಟರ್‌ನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಕಂಪೋಸರ್ ಆರಿಸಿಕೊಳ್ಳದಿದ್ದಾಗ ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ಆದ್ದರಿಂದ ಮೊದಲು ಓದಿ ತಿದ್ದಿ, ಟೈಪ್ ಆಗಿಯೇ ಉಳಿಯುವ ಒಂದು ಪ್ರತಿಯನ್ನು ಬೇರೆ ತೆಗೆದಿಟ್ಟುಕೊಳ್ಳಿ. ಆಮೇಲೆ ಕೋರೆಲ್‌ಡ್ರಾದಲ್ಲಿ ಕಂಟ್ರೋಲ್–ಕ್ಯೂ, ಇಲಸ್ಟ್ರೇಟರ್‌ನಲ್ಲಿ ಶಿಫ್ಟ್–ಕಂಟ್ರೋಲ್–ಒ ಒತ್ತಿ. ಒತ್ತು ಮೂಲಾಕ್ಷರಕ್ಕೆ ತಾಗುವ ಜಾಗದಲ್ಲಿ ಬಿಳಿ ತೂತು ಬಿದ್ದಿದೆಯೇ ಎಂದು ದೊಡ್ಡದು ಮಾಡಿ ನೋಡಿ. ಬಿದ್ದಿದ್ದರೆ ಆ ಭಾಗಗಳನ್ನು ವೆಲ್ಡ್ ಮಾಡಿ ಒಂದಾಗಿಸಿ.

ಎಲ್ಲವನ್ನೂ ದುಂಡು ಮಾಡಬೇಡಿ

ಹಪ್ಪಳ, ಉಪ್ಪಿನಕಾಯಿ, ಜೇನುತುಪ್ಪದ ಲೇಬಲ್ ಮಾಡುವವರು ಇನ್ನೆರಡು ವಿಷಯ ಗಮನಿಸಬೇಕು. ಸಸ್ಯಾಹಾರದ ಗುರುತು ಹಸಿರು ಚೌಕದೊಳಗಿನ ಹಸಿರು ವೃತ್ತ. ಚೌಕದ ಬದಿ ವೃತ್ತದ ವ್ಯಾಸದ ಎರಡರಷ್ಟು ಇರಬೇಕೆಂಬುದು ಆಹಾರ ಸುರಕ್ಷತಾ ನಿಯಮ. ಮುಂಭಾಗದ ವಿಸ್ತೀರ್ಣ 100 ಚದರ ಸೆಂ.ಮೀ. ಒಳಗಿದ್ದರೆ ವೃತ್ತದ ವ್ಯಾಸ ಕನಿಷ್ಠ 3 ಮಿ.ಮೀ. ಬೇಕು. ಎಲ್ಲವನ್ನೂ ಒಟ್ಟಿಗೆ ಆರಿಸಿ ಮೂಲೆ ದುಂಡು ಮಾಡುವ ಅವಸರದಲ್ಲಿ ಈ ಚೌಕವೂ ದುಂಡಾಗಿಬಿಡುತ್ತದೆ. ಅದು ಚೌಕವಾಗಿಯೇ ಉಳಿಯಬೇಕು.

ಬಾರ್‌ಕೋಡ್‌ಗೆ ಎರಡೂ ಪಕ್ಕ ಖಾಲಿ ಜಾಗ ಬೇಕು. ಇಎಎನ್–13 ಬಾರ್‌ಕೋಡಿನ ಮೂಲ ಅಳತೆಯಲ್ಲಿ ಎಡಕ್ಕೆ 3.63 ಮಿ.ಮೀ., ಬಲಕ್ಕೆ 2.31 ಮಿ.ಮೀ. ಬಿಡಬೇಕು. ಕ್ಯೂಆರ್ ಕೋಡಿಗೆ ಸುತ್ತಲೂ ಅದರದೇ ನಾಲ್ಕು ಚೌಕದಷ್ಟು ಅಗಲ ಬಿಡಬೇಕು. ಇವನ್ನು ದುಂಡು ಮೂಲೆಗೆ ಒತ್ತಿ ಕೂರಿಸಿದರೆ ಖಾಲಿ ಜಾಗ ಚಾಕುವಿನ ಪಾಲಾಗಿ, ಅಂಗಡಿಯ ಸ್ಕ್ಯಾನರ್ ಓದದೆ ಹೋಗುತ್ತದೆ. ಕೋಡಿನ ಜಾಗ ನೇರ ಬದಿಯ ನಡುವೆ ಇರಲಿ.

ಕಡತ ಕಳಿಸುವ ಮುನ್ನ

ಪಿಡಿಎಫ್ ಕಡತ ತನ್ನ ಕತ್ತರಿಸುವ ಅಳತೆಯನ್ನು ಆಯತವಾಗಿ ಮಾತ್ರ ನೆನಪಿಟ್ಟುಕೊಳ್ಳುತ್ತದೆ. ದುಂಡು ಮೂಲೆಯನ್ನು ಹೇಳಲು ಅದರಲ್ಲಿ ಜಾಗವೇ ಇಲ್ಲ. ಹಾಗಾಗಿ ಡೈ ಗೆರೆಯನ್ನು ಬೇರೆ ಲೇಯರಿನಲ್ಲಿ, ಎಲ್ಲಕ್ಕಿಂತ ಮೇಲೆ, ಒಳಗೆ ಬಣ್ಣ ತುಂಬದ ತೆಳುಗೆರೆಯಾಗಿ ಕೊಡಬೇಕು. ಅದಕ್ಕೆ ನಾಲ್ಕು ಬಣ್ಣದ ಮಿಶ್ರಣದ ಬದಲು ಪ್ರತ್ಯೇಕ ಸ್ಪಾಟ್ ಬಣ್ಣ ಕೊಟ್ಟು ಓವರ್‌ಪ್ರಿಂಟ್ ಆನ್ ಮಾಡಬೇಕು. ಓವರ್‌ಪ್ರಿಂಟ್ ಇಲ್ಲದಿದ್ದರೆ ಡೈ ಗೆರೆಯ ಕೆಳಗಿನ ಬಣ್ಣವೆಲ್ಲ ತೆರವಾಗುತ್ತದೆ. ಡೈ ಗೆರೆಯ ಪ್ಲೇಟನ್ನು ತೆಗೆದು ಅಚ್ಚು ಹಾಕಿದಾಗ ಕತ್ತರಿಸುವ ಜಾಗದಲ್ಲೇ ಬಿಳಿ ಗೆರೆ ಉಳಿಯುತ್ತದೆ. ಸ್ಪಾಟ್ ಬಣ್ಣದ ಹೆಸರಿಗೂ ಬೆಲೆಯಿದೆ. ರೋಲ್ಯಾಂಡ್ ಯಂತ್ರಗಳ ವರ್ಸಾವರ್ಕ್ಸ್ ತಂತ್ರಾಂಶ ‘ಕಟ್‌ಕಾಂಟೂರ್’ ಎಂಬ ಹೆಸರು ಕಂಡರೆ ಅಲ್ಲಿ ಚಾಕು ಇಳಿಸುತ್ತದೆ. ಇಂಗ್ಲಿಷಿನಲ್ಲಿ ಒಂದಕ್ಷರ ತಪ್ಪಿದರೆ ಗೆರೆ ಕತ್ತರಿಸದೆ ಅಚ್ಚಾಗಿಬಿಡುತ್ತದೆ. ಪ್ಯಾಕೇಜಿಂಗ್ ಕಡತಗಳಲ್ಲಿ ಇಂಥ ಗೆರೆಗಳನ್ನು ಗುರುತಿಸುವ ಕ್ರಮಕ್ಕಾಗಿಯೇ 2018ರಲ್ಲಿ ಐಎಸ್‌ಒ 19593–1 ಎಂಬ ಮಾನದಂಡ ಬಂದಿದೆ.

ಇಷ್ಟೆಲ್ಲ ಆದ ಮೇಲೂ ಒಂದು ಕೆಲಸ ಉಳಿಯುತ್ತದೆ. ಸಾಮಾನ್ಯ ಪ್ರಿಂಟರಿನಲ್ಲಿ ಶೇ 100 ಅಳತೆಗೆ ಒಂದು ಪ್ರತಿ ತೆಗೆದು, ಡೈ ಗೆರೆಯ ಗುಂಟ ಕತ್ತರಿಯಿಂದ ಕತ್ತರಿಸಿ ಕೈಯಲ್ಲಿ ಹಿಡಿದು ನೋಡಿ. ಪರದೆಯಲ್ಲಿ ಹಿಗ್ಗಿಸಿ ಕುಗ್ಗಿಸಿ ನೋಡುವ ಕಣ್ಣಿಗೆ ನಿಜವಾದ ಅಳತೆ ಮರೆತುಹೋಗಿರುತ್ತದೆ. ಹತ್ತಿರ ಬಂದ ಅಕ್ಷರ, ಊದಿದ ಅಂಚು ಕೈಯಲ್ಲಿ ಹಿಡಿದಾಗ ಕೂಡಲೇ ಗೊತ್ತಾಗುತ್ತವೆ.

ಕೆಲಸ ಕೊಡುವ ಶಾಲೆ, ಸಂಘ, ಅಂಗಡಿಗಳವರಲ್ಲಿ ನನ್ನ ಕೋರಿಕೆ ಇಷ್ಟೇ. ನಾಳೆಯೇ ಬೇಕು ಎಂದು ಅವಸರಪಡಿಸಬೇಡಿ. ನಿಮ್ಮ ಲೋಗೊದ ಮೂಲ ವೆಕ್ಟರ್ ಕಡತವನ್ನು ಜೋಪಾನವಾಗಿಟ್ಟು ಅದನ್ನೇ ಕೊಡಿ. ಸಾವಿರ ಪ್ರತಿ ಅಚ್ಚಾಗುವ ಮುನ್ನ ಕತ್ತರಿಸಿದ ಒಂದು ಮಾದರಿಯನ್ನು ನೋಡಿ ಒಪ್ಪಿಗೆ ಕೊಡಿ. ವಿನ್ಯಾಸ ಮಾಡುವ ಎಳೆಯರಿಗೆ ಹೇಳುವುದೂ ಚಿಕ್ಕದೇ. ಹೊಸ ಪುಟ ತೆರೆದ ಕೂಡಲೇ ಮೂಲೆಯ ತ್ರಿಜ್ಯ ಎಷ್ಟು ಎಂದು ಕೇಳಿ, ಉತ್ತರ ಬಂದ ಮೇಲೆ ಬಣ್ಣಕ್ಕೆ ಕೈ ಹಾಕಿ. ಪ್ರೆಸ್ಸಿಗೆ ಹೋಗುವ ಮುಂಚೆ ತಿದ್ದಿದರೆ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ, ಅಚ್ಚಾದ ಮೇಲೆ ಕಾಗದ, ಶಾಯಿ, ಡೈ, ಕೂಲಿ ಎಲ್ಲವನ್ನೂ ನುಂಗುತ್ತದೆ.